ಸಂಜೆಗೆ ಬಿಚ್ಚುವ ಹೊಲಿಗೆ

“ತಿರಗ್ತೀಯೋ ಇಲ್ಲೋ, ಮುದಿ ಕತ್ತಿ!”

ಬೆಳಗಿನ ಐದೂವರೆ. ರಬಕವಿಯ ಈ ಓಣಿಯಲ್ಲಿ ಮಗ್ಗಗಳು ಇನ್ನೂ ಶುರುವಾಗಿಲ್ಲ. ಹಾಗಾಗಿ ಇಂದ್ರವ್ವನವರ ಬೈಗುಳ ಓಣಿಯ ಕೊನೆಯವರೆಗೂ ಕೇಳುತ್ತದೆ. ಮುದಿ ಕತ್ತೆ ಎಂದು ಬೈಸಿಕೊಳ್ಳುತ್ತಿರುವುದು ಒಂದು ಹಳೆಯ ಹೊಲಿಗೆ ಯಂತ್ರ. ಕಪ್ಪು ಮೈ, ಅದರ ಮೇಲೆ ಅರ್ಧ ಅಳಿಸಿಹೋದ ಬಂಗಾರದ ಬಳ್ಳಿ, ಬಲಗಡೆ ಕೈಯಿಂದ ತಿರುಗಿಸುವ ಹಿಡಿ. ಥಂಡಿಗೆ ಎಣ್ಣೆ ಹೆಪ್ಪುಗಟ್ಟಿ ಹಿಡಿ ಅಲುಗುತ್ತಿಲ್ಲ. ಇಂದ್ರವ್ವ ಅದರ ಬೆನ್ನಿಗೊಂದು ಏಟು ಹಾಕುತ್ತಾರೆ, ಎರಡು ಹನಿ ಎಣ್ಣೆ ಬಿಡುತ್ತಾರೆ, ಮತ್ತೊಮ್ಮೆ ಬೈಯುತ್ತಾರೆ. ಯಂತ್ರ ಕೆಮ್ಮಿದಂತೆ ಸದ್ದು ಮಾಡಿ ಹೊರಡುತ್ತದೆ.

ಇವತ್ತು ಹತ್ತು ಗಂಟೆಗೆ ಇದನ್ನು ಕೊಳ್ಳುವವರು ಬರುತ್ತಾರೆ. ಕೊಡಬೇಕೋ ಬೇಡವೋ ಎಂದು ಇಂದ್ರವ್ವ ಇನ್ನೂ ತೀರ್ಮಾನಿಸಿಲ್ಲ. ಅವರ ಕೆಲಸ ನೋಡಲೆಂದು ಬಂದ ನಾನು ಕೇಳಿದರೂ ಸಿಟ್ಟು.

“ಬಂದವ್ರೆಲ್ಲಾ ಅದನ್ನ ಕೇಳ್ತೀರಿ. ನೀನೂ ಅದನ್ನ ಕೇಳಾಕ ಬಂದಿಯೇನ್ ಯವ್ವಾ? ಹಂಗಾರ ಚಾ ಕುಡದು ಹೋಗು.”

ಚಹಾ ಕುಡಿದು ಸುಮ್ಮನೆ ಕೂರುವುದೇ ವಾಸಿ. ಕೂತು ನೋಡಿದರೆ ಕೆಲಸ ಅರ್ಥವಾಗುತ್ತದೆ. ಓಣಿಯ ನೇಕಾರರು ಹಿಂದಿನ ಸಂಜೆಯೇ ಸೀರೆಗಳನ್ನು ಇಲ್ಲಿಗೆ ತಂದು ಹಾಕುತ್ತಾರೆ. ಗಂಜಿ ಹಾಕಿ, ಉರುಳೆಗಳ ನಡುವೆ ಹಾಯಿಸಿ ಪಾಲಿಶ್ ಮಾಡುವ ಕಾರ್ಖಾನೆ ಇದೇ ಓಣಿಯ ತುದಿಯಲ್ಲಿದೆ. ಅಲ್ಲಿ ಬಿಡಿ ಸೀರೆ ಹಾಯುವುದಿಲ್ಲ. ಒಂದಕ್ಕೊಂದು ಜೋಡಿಸಿದ ಉದ್ದನೆಯ ಬಟ್ಟೆಯೇ ಬೇಕು. ಆ ಜೋಡಣೆ ಇಂದ್ರವ್ವನವರದು. ಒಂದು ಸೀರೆಯ ಸೆರಗಿನ ತುದಿ, ಅದರ ಮೇಲೆ ಮುಂದಿನ ಸೀರೆಯ ತುದಿ, ಹಿಡಿ ಎಪ್ಪತ್ತು ಸುತ್ತು. ಮತ್ತೆ ಮುಂದಿನದು. ದಿನಕ್ಕೆ ನೂರಾ ಇಪ್ಪತ್ತು ಸೀರೆ, ನೂರಾ ಹತ್ತೊಂಬತ್ತು ಜೋಡಣೆ. ಎಂಟಕ್ಕೆ ಕೈಗಾಡಿ ಬಂದು ಒಯ್ಯುತ್ತದೆ. ನಾಲ್ಕಕ್ಕೆ ಸೀರೆಗಳು ಮಿರಮಿರ ಮಿಂಚುತ್ತ ವಾಪಸ್ಸು ಬರುತ್ತವೆ. ಆಗ ಅಷ್ಟೂ ಹೊಲಿಗೆಯನ್ನು ಬಿಚ್ಚಬೇಕು.

“ಟೇಲರ್ ಮಂದಿ ಹೊಲಿಗಿ ಬಿಚ್ಚಬಾರ್ದು ಅಂತ ಹೊಲೀತಾರ. ನಾ ಬಿಚ್ಚಲಿ ಅಂತನ ಹೊಲೀತೀನಿ. ಹೇಳಿದ್ರ ನಗ್ತಾರ. ನಗ್ಲಿ ಬಿಡು.”

ಈ ಯಂತ್ರಕ್ಕೆ ಕೆಳಗಿನ ದಾರವಿಲ್ಲ, ಬಾಬಿನ್ ಇಲ್ಲ. ಒಂದೇ ದಾರ ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಸರಪಳಿಯಂತೆ ಸಾಗುತ್ತದೆ. ಮುಗಿದ ಬದಿಯಲ್ಲಿ ನಾಲ್ಕು ಬೆರಳು ದಾರವನ್ನು ಬಾಲದಂತೆ ಬಿಟ್ಟಿರುತ್ತಾರೆ. ಅದನ್ನು ಹಿಡಿದು ಎಳೆದರೆ ಇಡೀ ಹೊಲಿಗೆ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಶುರುವಿನ ಬದಿಯಿಂದ ಎಳೆದಿರೋ, ಬಿಗಿಯುತ್ತದೆ, ಸೀರೆ ಸುಕ್ಕಾಗುತ್ತದೆ.

ಮೂವತ್ತೊಂದು ವರ್ಷದ ಹಿಂದೆ ಇಂದ್ರವ್ವ ಆ ಕಾರ್ಖಾನೆಯಲ್ಲೇ ಕೂತು ಇದನ್ನು ತಿರುಗಿಸುತ್ತಿದ್ದರು. ಮಗಳು ಹುಟ್ಟಿದಾಗ ಕೆಲಸ ಬಿಡುತ್ತೇನೆಂದು ಹೇಳಲು ಹೋದರು. ಆಗಿನ ಮಾಲೀಕರು ಚನಮಲ್ಲಪ್ಪ. “ಕೂಸಿನ್ನ ಬಿಟ್ಟು ಬರಾಕ ಆಗೂದಿಲ್ರಿ ಅಂದೆ. ಹಂಗಾರ ಮಶಿನ್ನ ಮನಿಗಿ ಒಯ್ಯಿ ಅಂದ್ರು. ನಿನಗ ಅಂತ ಕೊಟ್ಟಬಿಟ್ರು. ಕೈಗಾಡಿ ಮ್ಯಾಲೆ ಬಂತು ನೋಡು, ಮದಿಮಗಳು ಬಂದಂಗ.” ಆ ಮಗಳಿಗೆ ಈಗ ಮುಧೋಳದಲ್ಲಿ ಸಂಸಾರವಿದೆ. ಯಂತ್ರ ಮಾತ್ರ ಪಡಸಾಲೆ ಬಿಟ್ಟು ಕದಲಿಲ್ಲ.

ದಿನಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸಿದ ಬಲಭುಜ ಈಗ ಮೇಲೇಳುವುದಿಲ್ಲ. ಹೆರಳು ಹಾಕಿಕೊಳ್ಳಲಾಗುವುದಿಲ್ಲ. ಪಕ್ಕದ ಮನೆಯ ಶೇವಂತಿ, ಸಂಜೆ ಸೀರೆ ಮಡಚಲು ಬರುವವರು, ಮೊದಲು ಇಂದ್ರವ್ವನವರ ತಲೆ ಬಾಚಿ ಆಮೇಲೆ ಸೀರೆಗೆ ಕೈ ಹಾಕುತ್ತಾರೆ.

ಭುಜಕ್ಕಿಂತ ದೊಡ್ಡ ತಕರಾರು ಸೂಜಿಯದು. ಈ ಯಂತ್ರಕ್ಕೆ ಗಿಡ್ಡ, ದುಂಡು ಕಾಲಿನ ಸೂಜಿಯೇ ಆಗಬೇಕು. ಅದು ಈಗ ಎಲ್ಲೂ ಸಿಗುವುದಿಲ್ಲ. ಉಳಿದಿರುವುದು ಎರಡು. ಒಂದು ಯಂತ್ರದಲ್ಲಿ, ಇನ್ನೊಂದು ದೇವರ ಮುಂದಿನ ಕುಂಕುಮದ ಭರಣಿಯಲ್ಲಿ.

“ಜಮಖಂಡಿ ಆತು, ಬೆಳಗಾವಿ ಆತು, ಇಚಲಕರಂಜಿ ಆತು!” ಒಳಗಿನಿಂದ ಗಂಡ ವೀರಣ್ಣ ಕೂಗುತ್ತಾರೆ. ನಲವತ್ತು ವರ್ಷ ಪವರ್‌ಲೂಮ್ ಓಡಿಸಿದವರು. ಮೆಲ್ಲಗೆ ಮಾತಾಡುವುದು ಅವರಿಗೆ ಮರೆತೇ ಹೋಗಿದೆ. “ಮುರುದ ಸೂಜಿ ಕಿಸೆದಾಗ ಇಟ್ಕೊಂಡು ತಿರಗ್ಯಾಡೀನಿ. ಯಾವ ಅಂಗಡಿಯಾಂವನೂ ಸೂಜಿ ಕೊಡ್ಲಿಲ್ಲ. ಎಲ್ಲಾರೂ ಮಶಿನ್ ಮಾರ್ತೀರೇನು ಅಂತ ಕೇಳಿದ್ರು!”

“ನಿಮ್ಮ ಸಕ್ಕರಿ ಮಶಿನ್ ಕಥಿ ಹೇಳ್ರಿ ಆಕಿಗಿ,” ಎನ್ನುತ್ತಾರೆ ಇಂದ್ರವ್ವ.

ವೀರಣ್ಣ ಹೇಳುವುದಿಲ್ಲ. ಇಂದ್ರವ್ವನೇ ಹೇಳುತ್ತಾರೆ. ಸಮೀರವಾಡಿ ಕಡೆಯ ಗೆಳೆಯನಿಂದ ಅವರೊಮ್ಮೆ ಸಕ್ಕರೆ ಚೀಲದ ಬಾಯಿ ಹೊಲಿಯುವ ಯಂತ್ರವನ್ನು ಎರವಲು ತಂದರಂತೆ. ಅದರದೂ ಸರಪಳಿ ಹೊಲಿಗೆಯೇ, ಎಳೆದರೆ ಬಿಚ್ಚುತ್ತದೆ. “ಬಿಚ್ಚತು, ಖರೆ. ಆದ್ರ ಸೀರಿಗಿ ಜ್ವಾಳ ಹಿಡಿಯೂವಷ್ಟು ತೂತು! ಇವ್ರು ಕುಶಿಯಾಗಿ ನಿಂತಿದ್ರು, ನೋಡು ಬಿಚ್ಚತು ಬಿಚ್ಚತು ಅಂತ.”

ಹೋದ ವರ್ಷ ಮೋಟಾರಿನ ಹೊಸ ಯಂತ್ರವನ್ನೂ ಪರೀಕ್ಷಿಸಿದ್ದಾಗಿದೆ. ಅದರ ಹೊಲಿಗೆ ಎಳೆದರೆ ಬರುವುದಿಲ್ಲ, ಬ್ಲೇಡಿನಿಂದ ಕೊಯ್ಯಬೇಕು. ಕೊಯ್ಯುವಾಗ ಒಂಬತ್ತು ಸೆರಗು ಹರಿದವು. “ಒಂಬತ್ತ ಮನಿಯವರು ಬಂದು ಕಟ್ಟಿ ಮ್ಯಾಲೆ ಕುಂತ್ರು. ಬೈದಿದ್ರ ಛಲೋ ಇತ್ತು. ಸುಮ್ನ ಕುಂತಿದ್ರು.”

ಅಂದರೆ ಈ ಯಂತ್ರ ಹೋದರೆ ಇಂದ್ರವ್ವನವರ ಕೆಲಸವೂ ಹೋಗುತ್ತದೆ. ಇಟ್ಟುಕೊಂಡರೆ ಎರಡು ಸೂಜಿ ಮುರಿಯುವವರೆಗೆ ಮಾತ್ರ. ಆಮೇಲೆ ಅದು ಬರೀ ಕಬ್ಬಿಣ. ತಿರುಗುವ ಯಂತ್ರವಾದರೆ ಮಾತ್ರ ತಾವು ಹೇಳಿದ ಬೆಲೆ, ಮೇಲೊಂದು ಹೊಸ ಮೋಟಾರ್ ಯಂತ್ರ ಎಂದಿದ್ದಾರೆ ಕೊಳ್ಳುವವರು. “ಜಂಪರ್ ಹೊಲ್ಕೊಂಡು ಆರಾಮ ಇರು ಅಂದ್ರ ಕೇಳಂಗಿಲ್ಲ ಈಕಿ,” ಎಂದು ವೀರಣ್ಣ ಮತ್ತೆ ಕೂಗುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಅದೇ ಇಂದ್ರವ್ವನವರ ಸಿಟ್ಟಿಗೆ ಕಾರಣವಿರಬೇಕು.

ಹತ್ತೂಕಾಲಿಗೆ ಗೌರೀಶ ಬರುತ್ತಾರೆ. ಜಮಖಂಡಿಯಲ್ಲಿ ಹೊಸ ಸೀರೆ ಅಂಗಡಿ ತೆರೆಯಲಿರುವ ಉತ್ಸಾಹಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಇಂದ್ರವ್ವನವರಿಗೆ ನಮಸ್ಕರಿಸಿ, ತಮ್ಮ ಅಂಗಡಿ ಹೇಗಿರಲಿದೆ ಎಂಬ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ಗಾಜಿನ ಪೆಟ್ಟಿಗೆ, ಹಿಡಿ ಮಾತ್ರ ಹೊರಗೆ, ಒಳಗೆ ದೀಪ, ಯಂತ್ರಕ್ಕೆ ಹೊಸದಾಗಿ ಬಂಗಾರದ ಬಣ್ಣ.

“ಕಾಕೂ, ಬಂದ ಗಿರಾಕಿ ಒಮ್ಮಿ ಹಿಡಿ ತಿರುಗಿಸಿ ಫೋಟೋ ತಗೋಬೇಕ್ರಿ. ಒಂದೀಟು ಹೊಲದು ತೋರಸ್ರಿ, ವಿಡಿಯೋ ಮಾಡ್ಕೋತೀನಿ.”

ತಡವಾಗಿ ಬಂದ ಎರಡು ಸೀರೆ ಪಕ್ಕದಲ್ಲೇ ಇವೆ. ಇಂದ್ರವ್ವ ಅವನ್ನು ಜೋಡಿಸಿ ಕೊಡುತ್ತಾರೆ. ಗೌರೀಶ ಹೊಲಿಗೆಯ ಮೇಲೆ ಬೆರಳಾಡಿಸಿ, ಮೆಚ್ಚಿ, ದಾರದ ಒಂದು ತುದಿ ಹಿಡಿದು ಎಳೆಯುತ್ತಾರೆ. ಶುರುವಿನ ತುದಿ. ಹೊಲಿಗೆ ಬಿಗಿಯುತ್ತದೆ. ಇನ್ನೂ ಜೋರಾಗಿ ಎಳೆಯುತ್ತಾರೆ. ಸೆರಗು ಮುದುಡುತ್ತದೆ.

“ಅಬಾ! ಏನ್ ಗಟ್ಟಿ ಹೊಲಿಗಿರಿ ಕಾಕೂ! ಈಗಿನ ಮಶಿನ್‌ದಾಗ ಎಲ್ಲಿ ಬರ್ಬೇಕು ಇಷ್ಟು ಗಟ್ಟಿ!”

“ಬಿಡ್ರಿ ಕೈ!”

ಮಗ್ಗಗಳ ಸದ್ದಿನ ನಡುವೆಯೂ ಆ ಕೂಗು ಒಳಗಿದ್ದ ವೀರಣ್ಣನವರಿಗೆ ಕೇಳಿಸುತ್ತದೆ. ಅವರು ಎದ್ದು ಬರುತ್ತಾರೆ. ಇಂದ್ರವ್ವ ಸೆರಗನ್ನು ಕಿತ್ತುಕೊಂಡು, ತೊಡೆಯ ಮೇಲೆ ಹರಡಿ, ಸುಕ್ಕು ತೀಡಿ, ಇನ್ನೊಂದು ಬದಿಯ ಬಾಲ ಹಿಡಿಯುತ್ತಾರೆ. ಸರ್ರನೆ ಒಂದೇ ಸದ್ದು. ಎರಡು ಸೀರೆ ಎರಡಾಗಿ ಬೀಳುತ್ತವೆ.

“ಗಟ್ಟಿ ಅಂತಾನ! ಮೂವತ್ತೊಂದು ವರ್ಷ ಇದನ್ನ ಗಟ್ಟಿ ಮಾಡಾಕ ತಿರವೀನೇನ್ ನಾನು? ಗಟ್ಟಿ ಬೇಕಂದ್ರ ನಿಮ್ಮ ಮೋಟಾರಿಂದು ಗಾಜಿನ್ಯಾಗ ಇಟ್ಕೋರಿ.”

ಗೌರೀಶ ತಬ್ಬಿಬ್ಬಾಗಿ ವೀರಣ್ಣನವರ ಮುಖ ನೋಡುತ್ತಾರೆ. ವೀರಣ್ಣ ಗೋಡೆಯ ಮುಖ ನೋಡುತ್ತಾರೆ.

“ಸಿಟ್ಟಾಗಬ್ಯಾಡ್ರಿ ಕಾಕೂ. ಇನ್ನೊಂದೀಟು ರೊಕ್ಕ...”

“ರೊಕ್ಕದ ಮಾತಲ್ಲಪಾ. ಎರಡು ಸೂಜಿ ಅದಾವ. ಅವು ಇರೂತನಕ ಇದು ಕೆಲ್ಸ ಮಾಡ್ತೈತಿ. ಎರಡೂ ಮುರದಿಂದ ಬಾ, ಪುಕ್ಕಟ ಒಯ್ಯಿ. ಆದ್ರ ಗಾಜಿನ ಮ್ಯಾಲೆ ಬರಸ್ಬೇಕು, ಮುಗದ ಕಡಿಂದ ಎಳೀರಿ ಅಂತ.”

ಗೌರೀಶ ಹೊರಡುತ್ತಾರೆ. ಪುಕ್ಕಟೆ ಎಂದದ್ದು ವೀರಣ್ಣನವರಿಗೆ ನುಂಗಲಾಗುತ್ತಿಲ್ಲ. ಊಟ ಬೇಡವೆನ್ನುತ್ತಾರೆ, ಆಮೇಲೆ ಎರಡು ರೊಟ್ಟಿ ತಿನ್ನುತ್ತಾರೆ. ಕೈ ತೊಳೆದು, ಕಿಸೆಯ ಕಾಗದದ ಪುಡಿಕೆ ಬಿಚ್ಚಿ ಮುರಿದ ಸೂಜಿಯನ್ನು ಬೆಳಕಿಗೆ ಹಿಡಿದು, “ಸೊಲ್ಲಾಪುರ ಒಂದು ಉಳದೈತಿ,” ಎಂದು ಯಾರಿಗೂ ಅಲ್ಲದಂತೆ ಕೂಗಿ ಹೊರಗೆ ಹೋಗುತ್ತಾರೆ.

ನಾಲ್ಕಕ್ಕೆ ಕೈಗಾಡಿ ಬರುತ್ತದೆ. ಶೇವಂತಿ ಹೆರಳು ಹಾಕಿ ಮುಗಿಸಿ ಮಡಚಲು ಕೂರುತ್ತಾರೆ. “ಯಕ್ಕಾ, ಶೋಪೀಸ್ ಆಗೂ ಯೋಗ ಕಳ್ಕೊಂಡ್ಯಲ್ಲ!” “ನನ್ನ ಕುಂಡ್ರಸ್ತಿದ್ದಿಲ್ಲ ಬೇ ಗಾಜಿನ್ಯಾಗ, ಮಶಿನ್ನ!” ಎನ್ನುತ್ತಾರೆ ಇಂದ್ರವ್ವ. ಸರ್ರ್, ಸರ್ರ್ ಎಂದು ನೂರಾ ಹತ್ತೊಂಬತ್ತು ದಾರ ಎಡಗೈಗೆ ಬರುತ್ತವೆ. ಬೆಳಗಿನ ಎಂಟು ಸಾವಿರ ಸುತ್ತು ಒಂದು ಹಿಡಿಯಷ್ಟು ಗುಂಜಾಗಿ ಮೂಲೆಗೆ ಬೀಳುತ್ತದೆ.

ಕೊನೆಯ ಸೀರೆಯನ್ನು ಇಂದ್ರವ್ವ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ, ಎಡಗೈಯಿಂದಲೇ.

“ಬಾ ಇಲ್ಲೆ. ಎಲ್ಲಿ ಹೊಲದಿದ್ದೆ, ತೋರ್ಸು ನೋಡೂಣು.”

ಹತ್ತಿರ ಹೋಗಿ, ಕಣ್ಣಿಟ್ಟು, ಬೆರಳಾಡಿಸಿ ಹುಡುಕುತ್ತೇನೆ. ಏನೂ ಕಾಣುವುದಿಲ್ಲ.

“ಹುಡಕು, ಹುಡಕು. ಸಿಕ್ತು ಅಂದ್ರ ನಾ ಕೆಲ್ಸ ಬರೋಬ್ಬರಿ ಮಾಡಿಲ್ಲಂತ ತಿಳಿ.”