ಸೊಂಟದ ಬೆಲ್ಟು

ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್‌ನಲ್ಲಿ ನರ್ಸಮ್ಮ ಎದುರಿಗೇ ನಿಂತಿದ್ದಳು. ಆರು ತಿಂಗಳಿಂದ ವೃಷಣ ನೋಯುತ್ತಿದೆ ಎನ್ನಲು ಬಾಯಿ ಬರದೆ "ಸೊಂಟ ನೋವು" ಅಂದುಬಿಟ್ಟೆ. ಡಾಕ್ಟರು ಸೊಂಟಕ್ಕೆ ಬೆಲ್ಟು ಬರೆದುಕೊಟ್ಟರು.

ಅದನ್ನು ಕೊಂಡು ಕಂಕುಳಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿ ನಿಂತೆ. "ಸೀಟು ಖಾಲಿ ಐತಲ್ರಿ, ಕೂಡ್ರಿ" ಅಂದ ಕಂಡಕ್ಟರ್. ಅವನಿಗೂ ಸೊಂಟದ ಕಥೆಯನ್ನೇ ಹೇಳಿದೆ.

ಪಕ್ಕದ ಸೀಟಿನ ಹಿರಿಯರೊಬ್ಬರು ಮೆಲ್ಲಗೆ ಅಂದರು: "ಸೊಂಟ ನೋವಿರೋರು ಸೊಂಟದ ಮ್ಯಾಲೆ ಕೈ ಇಡ್ತಾರೆ. ನೀವು ಕಾಲು ಅಗಲಿಸಿ ನಿಂತೀರಿ. ನನಗೂ ಬೀಜದ ನೋವು ಎರಡು ವರ್ಷ ಇತ್ರಿ. ಸ್ಕ್ಯಾನ್‌ನಾಗೆ ಏನೂ ಸಿಗಲಿಲ್ಲ. ಎತ್ತಿ ಹಿಡಿಯೋ ಚಡ್ಡಿ, ಮಾತ್ರೆ, ಒಂದಿಷ್ಟು ವ್ಯಾಯಾಮ ಹೇಳಿದ್ರು. ಪೂರಾ ಹೋಗಿಲ್ಲ, ಆದ್ರೆ ಈಗ ಕೂತೀನಿ ನೋಡ್ರಿ. ಮೊದ್ಲು ಡಾಕ್ಟರಿಗೆ ನಿಜ ಹೇಳ್ರಿ."

ಮರುದಿನ ಹೋಗಿ ಹೇಳಿದೆ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ; ಪರೀಕ್ಷೆ ಮಾಡಿ ಸ್ಕ್ಯಾನಿಗೆ ಬರೆದರು. ನನಗೂ ಅದೇ ಚಡ್ಡಿ, ಮಾತ್ರೆ, ವ್ಯಾಯಾಮ ಹೇಳಿದರು. ಈಗ ನೋವು ಅರ್ಧಕ್ಕಿಳಿದಿದೆ, ಬಸ್ಸಿನಲ್ಲಿ ನಾನೂ ಕೂರುತ್ತೇನೆ.

ಮೊನ್ನೆ ಆ ಬೆಲ್ಟು ಎಲ್ಲಿ ಎಂದು ಹುಡುಕಿದರೆ, ನನ್ನ ಹೆಂಡತಿ ಅದನ್ನು ಕಟ್ಟಿಕೊಂಡು ರೊಟ್ಟಿ ತಟ್ಟುತ್ತಿದ್ದಳು.

"ನಿನಗ್ಯಾಕ ಇದು?"

"ಮೂರು ವರ್ಷದಿಂದ ಸೊಂಟ ನೋವು ಐತೆ" ಅಂದಳು, ತಿರುಗಿಯೂ ನೋಡದೆ.

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಸೊಂಟ ನೋವು ಅಂತ ಬಾಯಿ ಬಿಟ್ಟು ಹೇಳಿದವನು ನಾನೊಬ್ಬನೇ.