ಊರಬಾಗಿಲು ತೆಗೆದವನನ್ನು ಬಿಡದ ಅಕ್ಕ

ಅಕ್ಕನ ಎರಡೂ ಕಿವಿಯ ಹಾಲೆಗಳು ಸೀಳಿದ್ದವು. ಸೆರಗಿನಿಂದ ಮುಚ್ಚಿಕೊಳ್ಳುತ್ತಿರಲಿಲ್ಲ, ನೋಡುವವರು ನೋಡಲಿ ಎಂದೇ ಕೂದಲನ್ನು ಹಿಂದಕ್ಕೆಳೆದು ಬಿಗಿಯಾಗಿ ತುರುಬು ಕಟ್ಟುತ್ತಿದ್ದರು.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರ್ಖಾನೆಗೆ ಹೋಗುತ್ತಿದ್ದ ತಮ್ಮನ ಜೊತೆ ಅವರು ಪಕ್ಕದ ಮನೆಯಲ್ಲಿದ್ದರು. ಬೀದರ್ ಕಡೆಯವರು, ಬೀದಿಗೆಲ್ಲ ಅಕ್ಕ. ನನಗೆ ಜೋಳದ ರೊಟ್ಟಿ ತಟ್ಟಲು ಕಲಿಸಿದರು. ಸಂಜೆಯಾದರೆ ಎಲ್ಲರ ಗೇಟಿನ ಅಗುಳಿಯನ್ನೂ ಎಳೆದೆಳೆದು ನೋಡುತ್ತಿದ್ದರು. ಎಲ್ಲಾದರೂ ಪಟಾಕಿ ಸಿಡಿದರೆ ಮೈಯೆಲ್ಲ ಬೆವರುತ್ತಿತ್ತು.

ಒಂದು ದಿನ ತಾವಾಗಿಯೇ ಹೇಳಿದರು. ಸ್ವಾತಂತ್ರ್ಯದ ಹೊಸದರಲ್ಲಿ, ಭಾರತಕ್ಕೆ ಸೇರಲೊಪ್ಪದ ಅಲ್ಲಿನ ದೊರೆಯ ಪರವಾಗಿ ಜನರನ್ನು ಹೆದರಿಸಿಡಲೆಂದು ಬಂದೂಕಿನ ದಂಡುಗಳು ಆ ಕಡೆ ಹಳ್ಳಿಗಳನ್ನು ಸುಡುತ್ತಿದ್ದವು. ಇವರ ಊರಿಗೆ ಗೋಡೆಯಿತ್ತು, ಬಾಗಿಲು ಭದ್ರವಾಗಿತ್ತು. ಒಳಗಿನವನೇ ಒಬ್ಬ ಅದನ್ನು ತೆಗೆದ. ಗಂಡನನ್ನು ಕಟ್ಟೆಯ ಮೇಲೆ ಕೊಂದರು. ಮಗ ಅಡಗಿದ್ದ ಬಣವೆಗೆ ಬೆಂಕಿಯಿಟ್ಟರು. ಓಲೆಗಾಗಿ ಇವರ ಕಿವಿ ಹರಿದರು.

"ಬೆಂಕಿ ಹಚ್ಚಿದವರು ಹೊರಗಿನವರವ್ವ. ಬಾಗಲಾ ತೆಗದಾಂವ ನಮ್ಮ ಓಣಿಯಾಂವ. ನನಗ ಸಿಗಬೇಕಾದಾಂವ ಅವನ," ಎಂದರು.

ಅವನು ಸಿಕ್ಕಿದ್ದು ಕೆಂಗೇರಿಯಲ್ಲಿ, ನಾನು ಅಕ್ಕನನ್ನೂ ಕರೆದೊಯ್ದಿದ್ದ ನಮ್ಮ ಚಿಕ್ಕಪ್ಪನ ಗೃಹಪ್ರವೇಶದಲ್ಲಿ. ಬಟ್ಟೆ ಅಂಗಡಿ ಇಟ್ಟು ದೊಡ್ಡ ಮನುಷ್ಯನಾಗಿದ್ದ. ಕೊರಳಲ್ಲಿ ಹಾರ ಹಾಕಿ ಕೂರಿಸಿದ್ದರು. ಅಕ್ಕ ನೇರ ಹೋಗಿ ಎದುರು ನಿಂತರು.

"ಗುರ್ತ ಸಿಕ್ತೇನಪಾ?"

"ಯಾರಮ್ಮ ನೀವು? ಗೊತ್ತಾಗ್ತಾ ಇಲ್ವಲ್ಲ."

"ಮಾತು ಬದಲಿ ಮಾಡಿದ್ರ ಮಾರಿ ಬದಲಾಗ್ತದೇನು?"

ಹಾರ ಕಿತ್ತೆಸೆದು, ನಡೆದದ್ದೆಲ್ಲವನ್ನೂ ಗಟ್ಟಿಯಾಗಿ ಹೇಳಿದರು. "ಶುಭಕಾರ್ಯದಲ್ಲಿ ಏನಮ್ಮ ಇದು?" ಎಂದು ಚಿಕ್ಕಪ್ಪ ತಡೆಯಲು ಬಂದವರು, ಬಣವೆಯಲ್ಲಿ ಸುಟ್ಟ ಮಗನ ಮಾತು ಬಂದಾಗ ಹಿಂದೆ ಸರಿದರು.

ದೂರು ಕೊಡಲು ಹೋದರೆ ಪೊಲೀಸರು, ಬೇರೆ ಸೀಮೆಯ ಸಂಗತಿ, ಸಾಕ್ಷಿ ಎಲ್ಲಿ, ಎಂದು ಕಳುಹಿಸಿಬಿಟ್ಟರು. ಆಮೇಲೆ ಪ್ರತಿ ಸೋಮವಾರ ಅಕ್ಕ ಬಸ್ಸು ಹತ್ತಿ ಕೆಂಗೇರಿಗೆ ಹೋಗಿ ಅವನ ಅಂಗಡಿಯ ಎದುರಿನ ಜಗಲಿಯಲ್ಲಿ ಕೂರತೊಡಗಿದರು. ಒಳಗೆ ಹೋಗುವವರನ್ನೆಲ್ಲ ಕರೆದು ಹೇಳುವುದು. ಎಷ್ಟೋ ಸಲ ನಾನೂ ಪಕ್ಕದಲ್ಲಿ ಕೂತಿದ್ದೇನೆ. ಗಿರಾಕಿಗಳು ಕಡಿಮೆಯಾಗುತ್ತ ಬಂದಾಗ ನನಗೆ ಖುಷಿಯಾಯಿತು. ಇಂದಿಗೂ ಅದಕ್ಕೆ ನಾಚಿಕೆಯಿಲ್ಲ.

ಕೊನೆಗೆ ಅವನೇ ನಮ್ಮ ಬೀದಿಗೆ ಬಂದು ಅಕ್ಕನ ಕಾಲಿಗೆ ಬಿದ್ದ. ಬಾಯಲ್ಲಿ ಹಳೆಯ ಮಾತು ಮರಳಿತ್ತು. "ಗ್ವಾಡಿ ಹೊರಗ ನನ್ನ ಮಗನ್ನ ಹಿಡದು ತಲಿಗೆ ಬಂದೂಕ ಇಟ್ಟಿದ್ರವ್ವ. ನಾ ಏನ ಮಾಡ್ಲಿ?"

ಅಕ್ಕ ಕಾಲು ಹಿಂದಕ್ಕೆಳೆದುಕೊಂಡರು.

"ನಿನ್ನ ಮಗ ಅದಾನ?"

"ಅದಾನವ್ವ."

"ನನ್ನಾಂವ ಇಲ್ಲ. ನಡಿ."

ಮುಂದಿನ ಸೋಮವಾರವೂ ಹೋದರು. ಯುಗಾದಿಯ ಹೊತ್ತಿಗೆ ಅವನು ಅಂಗಡಿ ಮುಚ್ಚಿ, ಸಂಸಾರ ಕಟ್ಟಿಕೊಂಡು ಎಲ್ಲಿಗೋ ಹೋದ. ನಾನು ಪಾಯಸ ಮಾಡಿ ಕೊಂಡೊಯ್ದೆ. ಅಕ್ಕ ಮುಟ್ಟಲಿಲ್ಲ. "ಇಷ್ಟು ಸಾಲಂಗಿಲ್ಲವ್ವ," ಎಂದರು.

ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿದರು. ನಮ್ಮತ್ತೆ ಹತ್ತಿರ ಕೂತು, "ಇನ್ನಾದ್ರೂ ಕ್ಷಮಿಸಿಬಿಡಿ, ಮನಸ್ಸು ಹಗುರಾಗತ್ತೆ," ಎಂದರು.

"ಸತ್ತಾಂವ ನನ್ನ ಮಗ. ಅವನ ಪರವಾಗಿ ಕ್ಷಮಿಸಾಕ ನಾ ಯಾರು?" ಎಂದು ಅಕ್ಕ ಗೋಡೆಯ ಕಡೆ ಹೊರಳಿದರು.

ಅವರು ಹೋದ ದಿನ, ಎಷ್ಟು ಶಾಂತವಾಗಿ ಹೋದರು ಎಂದು ಬೀದಿಯವರೆಲ್ಲ ಮಾತಾಡಿಕೊಂಡರು. ಕೊನೆಯ ಸ್ನಾನ ಮಾಡಿಸಿದವಳು ನಾನು. ಕಚ್ಚಿದ ಹಲ್ಲು ಬಿಟ್ಟಿರಲಿಲ್ಲ.