ಒಗೆತ ಎನ್ನುವ ಪಟ್ಟು

ಮೈಸೂರಿನ ನಮ್ಮ ಬೀದಿಯ ಗರಡಿಮನೆಯೊಳಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿದರೂ ಬೈಗುಳ. ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ನಾನು ಸೇರಿದ ಗರಡಿಗೆ ಕಿಟಕಿಯೇ ಇಲ್ಲ. ಅದೊಂದು ಗೋದಾಮು. ಶಟರ್ ಎತ್ತಿದರೆ ನಡುವೆ ಹಗ್ಗ ಬಿಗಿದ ರಿಂಗ್, ಪಕ್ಕದಲ್ಲಿ ಟೈರ್ ಅಂಗಡಿ. ನಲವತ್ತು ದಾಟಿದ, ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಹೆಂಗಸು ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಬೀಳುವುದನ್ನು ಕಲಿಯುತ್ತಾಳೆಂದರೆ ನಮ್ಮ ಪರಿಚಯದ ಕನ್ನಡದವರಲ್ಲಿ ನಗದವರಿಲ್ಲ. ನಗಲಿ. ಟಿವಿಯಲ್ಲಿ ಬರುವ ಥರದ ಕುಸ್ತಿಯೇ ಇದು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ, ಆದರೆ ಬೆನ್ನಿಗೆ ಬೀಳುವ ಪೆಟ್ಟು ಮಾತ್ರ ನಿಜ.

ಕಲಿಸುವ ಮೇಷ್ಟ್ರು ಇಂಗ್ಲೆಂಡಿನಿಂದ ಬಂದ ಹಳೆಯ ಪೈಲ್ವಾನರು. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲಿಲ್ಲ. ಅವರ ಪಟ್ಟುಗಳಿಗೆಲ್ಲ ಅವರ ಊರಿನದೇ ಹೆಸರು. ಎದುರಾಳಿಯ ತಲೆ ಹಿಡಿದು, ಚಹಾದಲ್ಲಿ ಬಿಸ್ಕೆಟ್ ಅದ್ದುವಂತೆ, ಎರಡು ಸಲ ನೆಲಕ್ಕೆ ಅದ್ದಿದರೆ ‘ಬಿಸ್ಕೆಟ್ ಡಂಕ್’. ಹೆಗಲ ಮೇಲೆ ಕೂರಿಸಿಕೊಂಡು ಸುತ್ತಿದರೆ ‘ಡಬಲ್ ಡೆಕರ್’. ಮೇಲಿನ ಹಗ್ಗದಿಂದ ಹಾರಿ ಮೈಮೇಲೆ ಬಿದ್ದರೆ ‘ಬ್ಯಾಂಕ್ ಹಾಲಿಡೇ’. ಅವರಲ್ಲಿ ಆ ರಜೆ ಸಾಮಾನ್ಯವಾಗಿ ಸೋಮವಾರ ಬರುತ್ತದಂತೆ, ಆ ಪೆಟ್ಟು ತಿಂದವರು ಮಂಗಳವಾರವೇ ಏಳುವುದಂತೆ. ಮೊದಮೊದಲು ನಕ್ಕೆ. ಆಮೇಲೆ ಹೊಟ್ಟೆಕಿಚ್ಚಾಯಿತು. ತಮ್ಮ ಊರಿನ ಚಹಾ, ಬಸ್ಸು, ರಜೆ ಎಲ್ಲವನ್ನೂ ಇವರು ಎಷ್ಟು ಸಲೀಸಾಗಿ ಇಲ್ಲಿಗೆ ಹೊತ್ತು ತಂದಿದ್ದಾರೆ! ಕಷ್ಟದ ಹೆಸರು ಎಂದು ಯಾರೂ ಮುಖ ಕಿವಿಚುವುದಿಲ್ಲ. ನಾನಾದರೆ ಆಫೀಸಿನಲ್ಲಿ ನನ್ನ ಹೆಸರನ್ನು ಎರಡಕ್ಷರಕ್ಕೆ ಕತ್ತರಿಸಿ ಕೊಟ್ಟಿದ್ದೆ. ಕಾಫಿ ಅಂಗಡಿಯಲ್ಲಿ ಯಾವುದೋ ಇಂಗ್ಲಿಷ್ ಹೆಸರು ಹೇಳಿ ಕಾಫಿ ತೆಗೆದುಕೊಳ್ಳುತ್ತಿದ್ದೆ.

ನನಗೊಂದು ಪಟ್ಟು ಚೆನ್ನಾಗಿ ಒಲಿದಿತ್ತು. ಎದುರಾಳಿಯನ್ನು ಹೆಗಲ ಮೇಲೆ ಅಡ್ಡ ಹೊತ್ತು, ಒಂದು ಸುತ್ತು ತಿರುಗಿ, ನೆನೆದ ಬೆಡ್‌ಶೀಟನ್ನು ಒಗೆಯುವ ಕಲ್ಲಿಗೆ ಬಡಿಯುವಂತೆ ಬೆನ್ನು ಕೆಳಗಾಗಿ ಅಪ್ಪಳಿಸುವುದು. ಸಿಡ್ನಿಯ ಒಂದು ಶೋಗೆ ನನ್ನನ್ನು ಕರೆದಾಗ ಅದಕ್ಕೊಂದು ಹೆಸರು ಬೇಕಾಯಿತು. ನನ್ನ ಗಂಡ ಹುಬ್ಬಳ್ಳಿಯವರು. ಅಡುಗೆಮನೆಯಲ್ಲಿ ನಾನು ತೋಳು ಬೀಸಿ ತೋರಿಸಿದ್ದನ್ನು ನೋಡಿ, “ಆಕಿನ್ನ ಎತ್ತಿ ಒಗೀತಿಯಲ್ಲ, ಅದಕ್ಕ ಮತ್ತ ಬ್ಯಾರೆ ಹೆಸರ್ಯಾಕ?” ಎಂದರು.

ನಗು ತಡೆಯಲಾಗಲಿಲ್ಲ. ಈ ‘ಒಗೆ’ ನಮ್ಮ ಮನೆಯ ಹಳೆಯ ಜಗಳ. ಮದುವೆಯಾದ ಹೊಸತರಲ್ಲಿ, ಮೆಲ್ಬರ್ನ್‌ನದೇ ಕ್ರೇಗಿಬರ್ನ್ ಬಡಾವಣೆಯ ರೆಂಟ್ ಮನೆಯಲ್ಲಿ, ಅವರು “ಆ ಹಳೀ ಅಂಗಿ ಒಗದುಬಿಡು” ಎಂದಿದ್ದರು. ಎಸೆದುಬಿಡು ಎಂದು ಅವರ ಅರ್ಥ. ಮೈಸೂರಿನ ನಾನು ಅದನ್ನು ಸೋಪು ಹಾಕಿ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದೆ. ಈಗ ಎರಡೂ ಅರ್ಥ ಒಂದೇ ಪಟ್ಟಿನಲ್ಲಿ ಬಂದು ಕೂತವು. ‘ಒಗೆತ’ ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಬಾಯಿ ತುಂಬಿತು.

ಸಿಡ್ನಿಯ ಆಯೋಜಕರಿಗೆ ಅದು ಹಿಡಿಸಲಿಲ್ಲ. ಶೋ ದಿನ ಮಧ್ಯಾಹ್ನ, ಕುರ್ಚಿ ಜೋಡಿಸುತ್ತಿದ್ದ ಹಾಲ್‌ನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ‘ಬಾಂಬೆ ಬಾಂಬ್’ ಎಂದಿಡೋಣ ಎಂದರು. ನಾನು ಬಾಂಬೆಯವಳಲ್ಲ ಎಂದೆ. ಹಾಗಾದರೆ ‘ಕರಿ ಕ್ರಷರ್’? ಭಾರತದವರೆಂದರೆ ಇವರಿಗೆ ಬರೀ ಸಾರು-ಪಲ್ಯವೇ ಎಂದು ಮೈ ಉರಿದುಹೋಯಿತು. ನೀವು ಹೇಳಿದ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ ಎಂದು ಅವರು ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು.

“ನಿಮ್ಮೂರಲ್ಲಿ ವುಲೂಮುಲೂ ಅಂತ ಒಂದು ಸಬರ್ಬ್ ಇದೆಯಲ್ಲ, ಅದು ಹೊರಳುತ್ತಾ?” ಎಂದು ಕೇಳಿದೆ. ಅವರು ಫೋನ್ ನೋಡಿದರು. ಅಂದಿನ ಪಂದ್ಯದಲ್ಲಿ ನಾನೇ ಸೋಲಬೇಕೆಂದು ನಿಶ್ಚಯವಾಗಿತ್ತು. ಸೋಲುತ್ತೇನೆ, ಆದರೆ ಹೆಸರು ಬಿಡುವುದಿಲ್ಲ ಎಂದೆ. ನೋಡೋಣ ಎಂದರು.

ಸಂಜೆ ಹಾಲ್ ತುಂಬಿತ್ತು. ನನ್ನ ಎದುರಾಳಿ ಸಿಡ್ನಿಯದೇ ಹುಡುಗಿ, ಕಟ್ಟುಮಸ್ತಾದವಳು. ಪಂದ್ಯದ ನಡುವೆ ಅವಳನ್ನು ಹೆಗಲಿಗೆ ಎತ್ತಿದ್ದೇ ತಡ, ಮೈಕ್ ಹಿಡಿದ ನಿರೂಪಕ “ಬಾಂಬೆ ಬಾಂಬ್!” ಎಂದು ಕೂಗಿದ. ಆಯೋಜಕರು ಕೈಕೊಟ್ಟಿದ್ದರು.

ನಾನು ಒಗೆಯಲಿಲ್ಲ. ಅವಳನ್ನು ಹೊತ್ತುಕೊಂಡೇ ಹಗ್ಗದ ಬಳಿ ನಡೆದು, ಅವನ ಕಡೆ ತಿರುಗಿ “ಒಗೆತ!” ಎಂದು ಕಿರುಚಿದೆ. ಅವನು ಕಕ್ಕಾಬಿಕ್ಕಿಯಾಗಿ, “ಓ, ಗೆಟ್ ಹರ್?” ಎಂದ. ಅವನ ಕಿವಿಗೆ, ಅವಳನ್ನು ಹಿಡೀರಿ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದಂತಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಅದನ್ನೇ ಕೂಗತೊಡಗಿದರು. ಅವಮಾನಕ್ಕೆ ನನ್ನ ಕಣ್ಣು ತುಂಬಿತು. ಹೆಗಲು ಸಿಡಿಯುತ್ತಿತ್ತು. ಆದರೂ ಪಟ್ಟು ಸಡಿಲಿಸಲಿಲ್ಲ.

“ಆರ್ ಯೂ ಓಕೆ?” ಎಂದು ಹೆಗಲ ಮೇಲಿದ್ದವಳು ಪಿಸುಗುಟ್ಟಿದಳು. ಹೆಸರು ಸರಿಯಾಗಿ ಹೇಳುವವರೆಗೆ ಇಳಿಸುವುದಿಲ್ಲ ಎಂದೆ. ಹೇಗೆ ಹೇಳಬೇಕು ಎಂದು ಕೇಳಿದಳು. ಕೊನೆಗೆ ಬರುವುದು ‘ಟ’ ಅಲ್ಲ, ‘ತ’, ನಾಲಿಗೆ ಹಲ್ಲಿಗೆ ತಾಗಲಿ ಎಂದೆ. ನೇತಾಡುತ್ತಲೇ ಅವಳು ಹಾಲ್ ನಡುಗುವಂತೆ “ಒ-ಗೆ-ತ!” ಎಂದು ಕೂಗಿದಳು. ಒಗೆಸಿಕೊಳ್ಳಬೇಕಾದವಳೇ ಹೆಸರು ಹೇಳಿಕೊಟ್ಟದ್ದು ಜನಕ್ಕೆ ಭಾರಿ ಇಷ್ಟವಾಯಿತು. ಮುಂದಿನ ಸಾಲಿನವರು ಹೇಳಿದರು, ಹಿಂದಿನವರು ಹೇಳಿದರು. ‘ಟ’ ಎಂದವರನ್ನು ಗದ್ದದಿಂದಲೇ ತೋರಿಸಿ ಇನ್ನೊಮ್ಮೆ ಹೇಳಿಸಿದೆ. ಕೊನೆಗೆ ನಿರೂಪಕನೂ ಹೇಳಿದ. ಆಗ ಒಗೆದೆ.

ಆಮೇಲೆ ಮಾತಿನಂತೆ ಸೋತೆ. ಹೇಳಿದ ಮಾತು ಕೇಳದವರನ್ನು ಇನ್ನು ಕರೆಯುವುದಿಲ್ಲ ಎಂದು ಆಯೋಜಕರು ರೇಗಿದರು. ಕರೆಯಬೇಡಿ ಎಂದೆ. ಟ್ರುಗನಿನಾದ ಮೇಷ್ಟ್ರು ಮಾತ್ರ ಸುದ್ದಿ ಕೇಳಿ ಅಂದಿನಿಂದಲೇ ಹೆಸರು ಕಲಿಯತೊಡಗಿದರು. ಹಲ್ಲಿಲ್ಲದವರು ಒಸಡಿಗೆ ತಾಗಿಸಿದರೆ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದೆ.

ಕೆಲವು ವಾರಗಳ ಮೇಲೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಸಿಡ್ನಿಯಿಂದ ಫೋನ್ ಬಂತು. ಅದೇ ಆಯೋಜಕರು. ಜನ ಆ ಪಟ್ಟನ್ನು ಕೇಳುತ್ತಿದ್ದಾರೆ, ಇನ್ನೊಮ್ಮೆ ಬರುತ್ತೀರಾ ಎಂದರು.

“ಯಾವ ಪಟ್ಟು?” ಎಂದೆ.

ಅದೇ, ನಿಮಗೆ ಗೊತ್ತಲ್ಲ ಎಂದರು. ಗೊತ್ತಾಗಲಿಲ್ಲ, ಹೆಸರು ಹೇಳಿ ಎಂದೆ. ಮೊದಲು ‘ಓಗೆಟಾ’ ಬಂತು. ನಾನು ಗಂಡನ ಅಂಗಿಯೊಂದನ್ನು ಕೊಡವಿ, ತಂತಿಗೆ ಹಾಕಿ, ಕ್ಲಿಪ್ ಸಿಕ್ಕಿಸಿದೆ. ನಾಲಿಗೆ ಹಲ್ಲಿಗೆ ಎಂದೆ. ಆಮೇಲೆ ‘ಒಗೆಟ’. ಇನ್ನೊಂದು ಅಂಗಿ ಹಾಕಿದೆ. ನನಗೇನೂ ಅವಸರವಿರಲಿಲ್ಲ, ಬುಟ್ಟಿಯಲ್ಲಿ ಬಟ್ಟೆ ಬೇಕಾದಷ್ಟಿತ್ತು. ಮೂರನೆಯ ಸಲ ‘ಒಗೆತ’ ಸರಿಯಾಗಿ ಬಂತು.

ಬರುತ್ತೇನೆ ಎಂದೆ. ಈ ಸಲ ಸೋಲುವವರು ಯಾರು ಎಂದು ಆಮೇಲೆ ಕೇಳಿದೆ.